ಭಾನುವಾರಕ್ಕೆ ಕೊಂಡಜ್ಜಿ ಸರಿ, ದಿನನಿತ್ಯಕ್ಕೆ ನಮ್ಮ ಓಣಿಗೊಂದು ಬಯಲು ಬೇಕು!

ದಾವಣಗೆರೆ, ಹರಿಹರದ ನಾಗರಿಕ ಬಂಧುಗಳೇ,

ರಜೆ ಬಂತೆಂದರೆ ಬುತ್ತಿ ಕಟ್ಟಿಕೊಂಡು ಕೊಂಡಜ್ಜಿಗೆ ಹೊರಡುವವರು ನಾವು. ಅಲ್ಲಿ ಕೆರೆ, ಗುಡ್ಡ, ಕಾಡು ಎಲ್ಲವೂ ಇವೆ. ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರಕ್ಕೆ ಬರುವ ಮಕ್ಕಳು ಬಯಲಲ್ಲೇ ಪಾಠ ಕಲಿಯುತ್ತಾರೆ. ಮೊಬೈಲ್ ಬಿಡದ ಹುಡುಗ ಅಲ್ಲಿ ಕೆರೆ ಏರಿ ಮೇಲೆ ಓಡುತ್ತಾನೆ. ಮಂಡಿನೋವು ಎನ್ನುವ ಅಜ್ಜಿ ದಂಡೆಯುದ್ದಕ್ಕೂ ನಡೆಯುತ್ತಾಳೆ. ಯಾರ ಉಪದೇಶವೂ ಬೇಕಿಲ್ಲ, ಜಾಗವೇ ಕರೆಯುತ್ತದೆ.

ಸೋಮವಾರ ಬಂದರೆ? ಹುಡುಗ ರಸ್ತೆಗಿಳಿದರೆ ಬೈಕುಗಳ ಭಯ. ಫುಟ್‌ಪಾತಿನ ಚಪ್ಪಡಿ ಬಾಯ್ತೆರೆದಿದೆ, ಉಳಿದ ಜಾಗದಲ್ಲಿ ಕಾರು ನಿಂತಿದೆ. ಪಾರ್ಕಿನ ಗೇಟಿಗೆ ಬೀಗ. ಕತ್ತಲಾದ ಮೇಲೆ ದೀಪವಿಲ್ಲದ ಕಡೆ ಹೆಣ್ಣುಮಕ್ಕಳು ಸುಳಿಯುವುದೇ ಇಲ್ಲ.

ಮಕ್ಕಳಿಗೆ ದಿನಕ್ಕೆ 60 ನಿಮಿಷ, ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ದೈಹಿಕ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಪರೂಪಕ್ಕೊಂದು ಪ್ರವಾಸದಿಂದ ಇದು ಆಗದು. ಬೆಳಗ್ಗೆ ಕುಂದುವಾಡ ಕೆರೆಯ ಸುತ್ತ ನಡೆಯುವ ಜನರನ್ನು ನೋಡಿ: ಒಳ್ಳೆಯ ಜಾಗವಿದ್ದರೆ ಊರೇ ಎದ್ದು ನಡೆಯುತ್ತದೆ.

ಕಾನೂನೂ ನಮ್ಮ ಕಡೆಗಿದೆ. ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ 1987ರ ಕಾಯ್ದೆಯಂತೆ ಪ್ರಾಧಿಕಾರದ ಬಡಾವಣೆಗಳಲ್ಲಿ ಶೇ. 15ಕ್ಕೆ ಕಡಿಮೆಯಿಲ್ಲದ ಜಾಗ ಉದ್ಯಾನ, ಆಟದ ಮೈದಾನಗಳಿಗೆ ಮೀಸಲು. ಇವುಗಳ ರಕ್ಷಣೆಗೆಂದೇ 1985ರ ಕಾಯ್ದೆಯೊಂದಿದೆ.

ನಮ್ಮ ಬೇಡಿಕೆಗಳು:

1. ಪ್ರತಿ ವಾರ್ಡಿನಲ್ಲೂ ನಡೆದು ಹೋಗುವಷ್ಟು ಹತ್ತಿರದಲ್ಲಿ ಪಾರ್ಕು; ಖೋಖೋ, ಕಬಡ್ಡಿಗೆ ಮಣ್ಣಿನ ಅಂಕಣ.
2. ಹೊಂಗೆ, ಬೇವಿನ ನೆರಳು, ಕೂರಲು ಕಟ್ಟೆ, ಕುಡಿಯುವ ನೀರು, ಶೌಚಾಲಯ, ದೀಪ.
3. ಮನೆಯಿಂದ ಪಾರ್ಕಿನವರೆಗೆ ಗಾಲಿಕುರ್ಚಿಯೂ ಸಾಗುವಂಥ ಫುಟ್‌ಪಾತು.
4. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಸರ್ಕಾರಿ ಶಾಲೆಗಳ ಮೈದಾನ ಓಣಿಯ ಮಕ್ಕಳಿಗೆ ತೆರೆದಿರಲಿ.
5. ಹರಿಹರದ ತುಂಗಭದ್ರಾ ದಡದಲ್ಲಿ ಸುರಕ್ಷಿತ ನಡಿಗೆ ಹಾದಿ.
6. ಕೊಂಡಜ್ಜಿಯ ಕೆರೆ, ಗುಡ್ಡ ಇದ್ದಂತೆಯೇ ಇರಲಿ. ಅಲ್ಲಿಗೆ ಕಾಂಕ್ರೀಟು, ಪ್ಲಾಸ್ಟಿಕ್ ಬೇಡ.

ನೀವು ಮಾಡಬೇಕಾದ್ದು:

ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ, ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದಿಂದ ನಿಮ್ಮ ಬಡಾವಣೆಯ ನಕ್ಷೆ ಕೇಳಿ. ನಕ್ಷೆಯಲ್ಲಿ ಪಾರ್ಕು ಎಂದಿರುವ ಜಾಗಕ್ಕೆ ಹೋಗಿ ಕಣ್ಣಾರೆ ನೋಡಿ. ಒತ್ತುವರಿ ಕಂಡರೆ, ಬೀಗ ಕಂಡರೆ ಓಣಿಯವರೆಲ್ಲ ಸಹಿ ಹಾಕಿ ಮಹಾನಗರ ಪಾಲಿಕೆಗೆ, ಹರಿಹರದವರು ನಗರಸಭೆಗೆ ಅರ್ಜಿ ಕೊಡಿ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಇವತ್ತು ಸಂಜೆಯೇ ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ. ದಿನವೂ ಜನ ಸೇರುವ ಮೈದಾನವನ್ನು ಕಬಳಿಸುವುದು ಸುಲಭವಲ್ಲ.

ಓದಿದ ಮೇಲೆ ಎಸೆಯಬೇಡಿ, ಪಕ್ಕದ ಮನೆಯವರಿಗೆ ಕೊಡಿ.

— ದಾವಣಗೆರೆ, ಹರಿಹರದ ನಿವಾಸಿಗಳು