ಬೆಳಕಿನ ಅಲೆಯೂ ಕಲಾ ವಿದ್ಯಾರ್ಥಿಯೂ

"ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಸಾಹಿತ್ಯಗಳನ್ನು ಓದುವವನಿಗೆ ಬೆಳಕಿನ ಅಲೆಗಳ ಗೊಡವೆಯೇಕೆ?" ಈ ಲೇಖನದ ಹೆಸರನ್ನು ಕೇಳಿದೊಡನೆ ಸಹಪಾಠಿಯೊಬ್ಬರು ಹಾಕಿದ ಪ್ರಶ್ನೆಯಿದು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಹೇಳುವ ಮುನ್ನ ನನ್ನದೊಂದು ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಕಳೆದ ಮಳೆಗಾಲದ ಒಂದು ಸಂಜೆ. ಸೊರಬದ ಬಸ್ ನಿಲ್ದಾಣದಲ್ಲಿ ನಾನೂ ಹತ್ತನೆಯ ತರಗತಿಯಲ್ಲಿದ್ದ ನನ್ನ ತಂಗಿಯೂ ಊರಿನ ಬಸ್ಸಿಗಾಗಿ ಕಾದು ನಿಂತಿದ್ದೆವು. ಗುಂಡಿಯಲ್ಲಿ ನಿಂತ ಮಳೆನೀರಿನ ಮೇಲೆ ಯಾವುದೋ ವಾಹನದ ಎಣ್ಣೆ ಹರಡಿ, ಕಾಮನಬಿಲ್ಲಿನ ಬಣ್ಣಗಳು ಸುಳಿಸುಳಿಯಾಗಿ ಹೊಳೆಯುತ್ತಿದ್ದವು.

"ಅಣ್ಣಾ, ಎಣ್ಣೆ ನೋಡಿದರೆ ಕಪ್ಪು, ನೀರಿಗೆ ಬಣ್ಣವೇ ಇಲ್ಲ. ಮತ್ತೆ ಈ ಬಣ್ಣ ಎಲ್ಲಿಂದ ಬಂತು?" ಎಂದಳು.

"ಎಣ್ಣೆಯೊಳಗೇ ಬಣ್ಣ ಇರುತ್ತೆ ಕಣೇ" ಎಂದೆ. ಗೊತ್ತಿಲ್ಲವೆಂದು ಹೇಳಲು ಪದವಿ ತರಗತಿಯ ಅಭಿಮಾನ ಬಿಡಲಿಲ್ಲ. ಅವಳು ಮುಂದೆ ಕೇಳಲಿಲ್ಲ. ಬಸ್ಸು ಹತ್ತಿದ ಮೇಲೆ, "ಪಿ.ಯು.ಸಿ.ಗೆ ನಾನೂ ನಿನ್ನ ಹಾಗೆ ಆರ್ಟ್ಸೇ ತಗೋತೀನಿ. ಸೈನ್ಸು ನಮ್ಮಂಥವರಿಗಲ್ಲ" ಎಂದಳು. ಪ್ರೀತಿಯಿಂದ ಸಾಹಿತ್ಯವನ್ನು ಆರಿಸಿಕೊಂಡಿದ್ದರೆ ನನಗೆ ಸಂತೋಷವೇ ಆಗುತ್ತಿತ್ತು. ಅವಳು ಆರಿಸಿಕೊಂಡದ್ದು ಭಯದಿಂದ. ಆ ಭಯಕ್ಕೆ ನನ್ನ ಸುಳ್ಳುತ್ತರವೂ ಒಂದು ಹಿಡಿ ಗೊಬ್ಬರ ಹಾಕಿತ್ತು.

ಶಾಲೆಯಲ್ಲಿ ಬೆಳಕಿನ ಬಗ್ಗೆ ನಾನು ಕಲಿತದ್ದರಲ್ಲಿ ಉಳಿದಿದ್ದುದು ಒಂದೇ ವಾಕ್ಯ: "ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ." ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಬಂದಿತ್ತು. ಅದು ಪೂರ್ಣಸತ್ಯವಲ್ಲವೆಂಬುದು ತಿಳಿದದ್ದು ಈ ಘಟನೆಯ ನಂತರ ಪುಸ್ತಕ ಹಿಡಿದು ಕುಳಿತಾಗ. ಆದರೆ ಪುಸ್ತಕಕ್ಕಿಂತ ಚೆನ್ನಾಗಿ ಕಲಿಸಿದ್ದು ಶಿಕಾರಿಪುರದ ಹುಚ್ಚರಾಯನ ಕೆರೆ.

ಗಾಳಿಯಿಲ್ಲದ ಹೊತ್ತಿನಲ್ಲಿ ಕೆರೆಗೆ ಎರಡು ಕಲ್ಲುಗಳನ್ನು ಒಟ್ಟಿಗೆ, ಸ್ವಲ್ಪ ಅಂತರದಲ್ಲಿ ಎಸೆದು ನೋಡಿರಿ. ಎರಡು ಕಡೆಯಿಂದಲೂ ಬಳೆಬಳೆಯಾಗಿ ಅಲೆಗಳು ಹೊರಟು ಒಂದನ್ನೊಂದು ಹಾಯ್ದುಹೋಗುತ್ತವೆ. ಉಬ್ಬಿಗೆ ಉಬ್ಬು ಕೂಡಿದಲ್ಲಿ ನೀರು ಇನ್ನೂ ಮೇಲೇಳುತ್ತದೆ. ಉಬ್ಬಿಗೆ ತಗ್ಗು ಕೂಡಿದಲ್ಲಿ ನೀರು ಅಲುಗದೆ ನಿಲ್ಲುತ್ತದೆ. ಇದೇ ವ್ಯತಿಕರಣ. ಬೆಳಕೂ ಅಲೆಯಾದರೆ, ಬೆಳಕಿಗೆ ಬೆಳಕು ಕೂಡಿ ಕತ್ತಲೆಯಾಗುವುದೂ ಸಾಧ್ಯವಾಗಬೇಕು. ಕೇಳಲು ಒಗಟಿನಂತಿದ್ದರೂ ಇದು ಕಣ್ಣಿಗೆ ಕಾಣುವ ಸಂಗತಿ. ಬಸ್ ನಿಲ್ದಾಣದ ಗುಂಡಿಯಲ್ಲಿ ನಡೆದದ್ದೂ ಇದೇ. ಎಣ್ಣೆಯ ತೆಳುಪೊರೆಯ ಮೇಲ್ಮೈಯಿಂದ ಒಂದು ಅಲೆ, ಕೆಳಮೈಯಿಂದ ಇನ್ನೊಂದು ಅಲೆ ಹಿಂದಿರುಗಿ ನಮ್ಮ ಕಣ್ಣಿನಲ್ಲಿ ಕೂಡುತ್ತವೆ. ಪೊರೆಯ ದಪ್ಪಕ್ಕೆ ತಕ್ಕಂತೆ ಒಂದೆಡೆ ಕೆಂಪು ಬಲಗೊಳ್ಳುತ್ತದೆ, ಇನ್ನೊಂದೆಡೆ ಅದೇ ಕೆಂಪು ಅಳಿದು ಹಸಿರು ಉಳಿಯುತ್ತದೆ. ಬಣ್ಣ ಎಣ್ಣೆಯದೂ ಅಲ್ಲ, ನೀರಿನದೂ ಅಲ್ಲ, ಬೆಳಕಿನದು. ಹಸಿರು ಬೆಳಕಿನ ಸುಮಾರು 1,900 ಅಲೆಗಳು ಒಂದು ಮಿಲಿಮೀಟರಿನಲ್ಲಿ ಅಡಗುತ್ತವೆ. ಅಷ್ಟು ಸಣ್ಣದನ್ನು ಅಳೆಯುವ ಕೋಲು ಒಂದು ಕೊಳಕು ಗುಂಡಿಯಲ್ಲಿ ಬಿದ್ದಿತ್ತು!

ಇನ್ನು ಸಹಪಾಠಿಯ ಪ್ರಶ್ನೆಗೆ ಬರೋಣ. ಬೆಳಕು ಅಲೆಯೆಂಬ ವಾದವನ್ನು ಹಾಲೆಂಡಿನ ಹೈಗನ್ಸ್ 1690ರಲ್ಲೇ ಪ್ರಕಟಿಸಿದ್ದನು. ಆದರೆ ಬೆಳಕು ಕಣಗಳ ಪ್ರವಾಹವೆಂಬ ಕಡೆಗೆ ನ್ಯೂಟನ್ನನ ಒಲವಿತ್ತು. ಅವನ ಹೆಸರಿನ ಭಾರಕ್ಕೆ ಒಂದು ಶತಮಾನ ಕಾಲ ಜಗತ್ತು ತಲೆಬಾಗಿತು. ಅದನ್ನು ಎದುರಿಸಿ 1801ರಿಂದ ವ್ಯತಿಕರಣದ ತತ್ತ್ವವನ್ನು ಸಾರಿದ ಥಾಮಸ್ ಯಂಗ್ ವೃತ್ತಿಯಿಂದ ವೈದ್ಯ. ಅವನು ಗೇಲಿಗೆ ಗುರಿಯಾದನು. ಅದೇ ಯಂಗ್ ಮುಂದೆ ರೊಸೆಟ್ಟಾ ಶಿಲೆಯ ಈಜಿಪ್ಟ್ ಲಿಪಿಯನ್ನು ಓದಲು ಶ್ರಮಿಸಿದವರಲ್ಲಿ ಒಬ್ಬನಾದನು! ನಮ್ಮ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನದ ಮುಂದೆ ನಿಂತು ಕದಂಬರ ಕಥೆಯನ್ನು ಓದಬಯಸುವ ಇತಿಹಾಸದ ವಿದ್ಯಾರ್ಥಿ ಇವನನ್ನು ಯಾವ ವಿಭಾಗಕ್ಕೆ ಸೇರಿಸುತ್ತಾನೆ? ಅಕ್ಷರವನ್ನು ನೋಡಿದ ಕಣ್ಣೇ ಅಲೆಯನ್ನೂ ನೋಡಿತು. ಗೋಡೆ ಕಟ್ಟಿದವರು ನಾವು.

ಯಂಗ್‌ನ ನಂತರ ಈ ವಾದಕ್ಕೆ ಗಣಿತದ ಬಲ ಕೊಟ್ಟವನು ಫ್ರಾನ್ಸಿನ ರಸ್ತೆ ಇಂಜಿನಿಯರ್ ಫ್ರೆನೆಲ್. 1818ರಲ್ಲಿ ಅವನ ಪ್ರಬಂಧವನ್ನು ಪರಿಶೀಲಿಸಿದ ಪಂಡಿತ ಪ್ವಾಸಾನ್, "ಇದು ನಿಜವಾದರೆ ದುಂಡು ಬಿಲ್ಲೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕೆ ಕಾಣಬೇಕಾದೀತು" ಎಂಬ ಅರ್ಥದ ಆಕ್ಷೇಪವೆತ್ತಿದನು. ಅರಾಗೊ ಪ್ರಯೋಗ ಮಾಡಿ ನೋಡಿದನು. ಚುಕ್ಕೆ ಕಂಡಿತು! ವಿರೋಧಿಯ ಆಕ್ಷೇಪವೇ ಸಾಕ್ಷಿಯಾಯಿತು. ವಾದವನ್ನು ಹೆಸರಿನ ದೊಡ್ಡಸ್ತಿಕೆಯಿಂದ ತೀರ್ಮಾನಿಸದೆ ನೋಡಿ ತೀರ್ಮಾನಿಸಬೇಕೆಂಬ ಈ ಪಾಠ ಅರ್ಥಶಾಸ್ತ್ರದವರಿಗೂ ರಾಜ್ಯಶಾಸ್ತ್ರದವರಿಗೂ ಬೇಡವೇ?

"ಅದೆಲ್ಲ ಪರದೇಶದ ಮಾತು" ಎನ್ನುವವರಿಗೆ ನಮ್ಮವರ ನಿದರ್ಶನಗಳೂ ಇವೆ. ಸಿ. ವಿ. ರಾಮನ್ 1904ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಪಡೆದ ಪದವಿ ಬಿ.ಎ.! 1906ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಬೆಳಕಿನ ವಿವರ್ತನೆಯ ಮೇಲೆ ಅವರ ಲೇಖನ ಇಂಗ್ಲೆಂಡಿನ ಪತ್ರಿಕೆಯಲ್ಲಿ ಅಚ್ಚಾಯಿತು. 1933ರಲ್ಲಿ ಬೆಂಗಳೂರಿಗೆ ಬಂದ ಅವರು ಕಪ್ಪೆಚಿಪ್ಪಿನ, ಹಕ್ಕಿಯ ಗರಿಯ ಬಣ್ಣಗಳನ್ನೂ ಪರೀಕ್ಷಿಸಿದರು. ಅಲ್ಲಿ ಅವರು 1948ರಲ್ಲಿ ಸ್ಥಾಪಿಸಿದ ಸಂಸ್ಥೆಯಲ್ಲಿ, 1956ರಲ್ಲಿ, ಎಸ್. ಪಂಚರತ್ನಂ ಎಂಬ 22 ವರ್ಷದ ತರುಣ ಧ್ರುವೀಕೃತ ಬೆಳಕಿನ ವ್ಯತಿಕರಣದ ಬಗ್ಗೆ ಒಂದು ಹೊಸ ಸತ್ಯವನ್ನು ಕಂಡುಹಿಡಿದರು. ಅದರ ಪೂರ್ಣ ಮಹತ್ತ್ವ ಲೋಕಕ್ಕೆ ತಿಳಿದದ್ದು 1980ರ ದಶಕದಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಹಲವು ವರ್ಷಗಳಾಗಿದ್ದವು. 22 ಎಂದರೆ ನಮ್ಮಲ್ಲಿ ಅನೇಕರ ವಯಸ್ಸಿಗಿಂತ ಒಂದೆರಡು ವರ್ಷ ಹೆಚ್ಚು, ಅಷ್ಟೆ.

ಒಂದು ಆಕ್ಷೇಪವನ್ನು ಮಾತ್ರ ನಾನು ಗೌರವಿಸುತ್ತೇನೆ. ಗಣಿತವಿಲ್ಲದ ವಿಜ್ಞಾನ ಬರಿಯ ಕಥೆಯಾದೀತೆಂಬುದು ಅದು. ನಿಜ. ಅಲೆಯೂ ಕಡೆಯ ಮಾತಲ್ಲ. 1905ರಲ್ಲಿ ಐನ್‌ಸ್ಟೈನ್ ಬೆಳಕಿಗೆ ಕಣದ ಗುಣವೂ ಉಂಟೆಂದು ತೋರಿಸಿಕೊಟ್ಟರು. ಇವನ್ನೆಲ್ಲ ಅರೆಯುವ ಶಕ್ತಿ ನನಗಿಲ್ಲ. ಆದರೆ ರಾಗದ ಶಾಸ್ತ್ರ ತಿಳಿಯದವನು ಹಾಡು ಕೇಳಬಾರದೆಂದು ಯಾರೂ ಹೇಳುವುದಿಲ್ಲ. ಕಾದಂಬರಿಕಾರರಾದ ಶಿವರಾಮ ಕಾರಂತರು ಕನ್ನಡಿಗರಿಗಾಗಿ 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದದ್ದು ಈ ನಂಬಿಕೆಯಿಂದಲೇ ಇರಬೇಕು.

ಆದ್ದರಿಂದ ಮಾನ್ಯ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ತಿಂಗಳಿಗೊಂದು ಸಂಜೆ, ಪರೀಕ್ಷೆ ಅಂಕಗಳ ಹಂಗಿಲ್ಲದೆ, ಇಂಥ ಒಂದು ವಿಷಯವನ್ನು ಕನ್ನಡದಲ್ಲಿ ನಮಗೆ ತೋರಿಸಿಕೊಡಬೇಕು. ಹೈಸ್ಕೂಲಿನ ಮಕ್ಕಳನ್ನೂ ಕರೆಯಬೇಕು. ದುಬಾರಿ ಉಪಕರಣಗಳು ಬೇಡ. ಮಲೆನಾಡಿನವರ ಮನೆಯಲ್ಲಿ ಕೊಡೆಯಿಲ್ಲವೇ? ರಾತ್ರಿಯಲ್ಲಿ ಅದರ ಬಟ್ಟೆಯ ಮೂಲಕ ದೂರದ ಬೀದಿದೀಪವನ್ನು ನೋಡಿರಿ. ಒಂದು ದೀಪ ಹಲವಾಗಿ, ಅಡ್ಡಕ್ಕೂ ಉದ್ದಕ್ಕೂ ಸಾಲುಗಟ್ಟಿ, ಅಂಚಿನಲ್ಲಿ ಬಣ್ಣ ತಳೆದು ನಿಲ್ಲುತ್ತದೆ. ನೂಲುಗಳ ಸಂದಿಯಲ್ಲಿ ತೂರಿದ ಬೆಳಕು ಸರಳರೇಖೆಯಲ್ಲಿ ಸಾಗದೆ ಬಾಗಿ ಹರಡುವುದೇ ಇದಕ್ಕೆ ಕಾರಣ. 1786ರಲ್ಲಿ ಅಮೆರಿಕದ ರಿಟನ್‌ಹೌಸ್ ಎಂಬ ಖಗೋಳಜ್ಞ ಇದನ್ನು ಕುರಿತು ಬರೆದನು. ರೇಷ್ಮೆಯ ಕರವಸ್ತ್ರದಲ್ಲಿ ಇದನ್ನು ಕಂಡು ಅವನನ್ನು ಪ್ರಶ್ನಿಸಿದವನು ಹಾಪ್‌ಕಿನ್ಸನ್ ಎಂಬ ವಕೀಲ!

ನಾನು ತಂಗಿಗೆ ಹೇಳಿದ್ದು ತಪ್ಪೆಂದು ಒಪ್ಪಿಕೊಂಡು, ಅಂಗಳದಲ್ಲಿ ಕೊಡೆ ಬಿಚ್ಚಿ ದೂರದ ದೀಪವನ್ನು ತೋರಿಸಿದೆನು. ಬಹಳ ಹೊತ್ತು ನೋಡಿದಳು. "ಬಟ್ಟೆಯನ್ನು ಓರೆ ಮಾಡಿದರೆ ಚುಕ್ಕೆಗಳು ದೂರ ದೂರ ಹೋಗುತ್ತವಲ್ಲ ಅಣ್ಣಾ, ಅದೇಕೆ?" ಎಂದಳು. ಅವಳು ಪಿ.ಯು.ಸಿ.ಯಲ್ಲಿ ಏನನ್ನು ಆರಿಸಿಕೊಳ್ಳುವಳೋ ಅದು ಅವಳ ಇಚ್ಛೆ. ಪ್ರಶ್ನೆ ಕೇಳುವುದನ್ನು ಮತ್ತೆ ಆರಂಭಿಸಿದ್ದಾಳೆ. ಈ ಸಲ "ಗೊತ್ತಿಲ್ಲ, ಹುಡುಕೋಣ" ಎಂದು ಹೇಳಲು ನನಗೆ ನಾಚಿಕೆಯಾಗಲಿಲ್ಲ.