ಗೇರ್‌ಬಾಕ್ಸ್ ಬಿಚ್ಚಿದ ಮೇಲೆ ಲೆಕ್ಕ ಕೊಡಿ

ಮೈಸೂರಿನ ವಿಜಯನಗರದಲ್ಲಿ ನಿವೃತ್ತರ ಮನೆಗಳಿಗೆ ಕೊರತೆಯಿಲ್ಲ. ಮಂಡಿನೋವಿನಿಂದ ಕ್ಲಚ್ ತುಳಿಯಲಾರದೆ ಆಟೊಮ್ಯಾಟಿಕ್ ಕಾರು ಕೊಂಡವರು ನಮ್ಮಲ್ಲಿ ಅನೇಕರಿದ್ದಾರೆ. ಆ ಕಾರುಗಳಿಗೆ ಈಗ ವಯಸ್ಸಾಗುತ್ತಿದೆ. ಗೇರು ಜಾರತೊಡಗಿತೆಂದು ವರ್ಕ್‌ಷಾಪಿಗೆ ಒಯ್ದರೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ದೊರೆಯುತ್ತದೆ. ಇಡೀ ಗೇರ್‌ಬಾಕ್ಸನ್ನೇ ಬದಲಿಸಬೇಕೆಂಬುದು ಒಂದು. ಒಳಗಿನದೆಲ್ಲ ಚೆನ್ನಾಗಿದೆ, ಹಾಗೆಯೇ ಜೋಡಿಸಿಕೊಡುತ್ತೇವೆಂಬುದು ಇನ್ನೊಂದು. ಎರಡರಲ್ಲಿಯೂ ಅಳತೆಯ ಮಾತೇ ಇಲ್ಲವೆಂಬುದು ನನ್ನ ಆಕ್ಷೇಪ.

ಹಳೆಯ ಬಿಡಿಭಾಗ ಮರುಬಳಕೆಗೆ ಯೋಗ್ಯವೇ ಎಂಬುದು ಅಭಿಪ್ರಾಯದ ವಿಷಯವಲ್ಲ. ಘರ್ಷಣೆಯ ತಟ್ಟೆಗಳ ಪದರ ಸುಟ್ಟು ಕಪ್ಪಾಗಿದ್ದರೆ, ಚಕ್ಕೆಯೆದ್ದಿದ್ದರೆ, ಅಥವಾ ದಪ್ಪ ತಯಾರಕರ ಮಿತಿಗಿಂತ ಕಡಿಮೆಯಾಗಿದ್ದರೆ ಅವು ತ್ಯಾಜ್ಯ. ಅವುಗಳ ನಡುವಿನ ಉಕ್ಕಿನ ತಟ್ಟೆ ಕಾವಿಗೆ ಬಾಗಿದೆಯೇ ಎಂಬುದನ್ನು ಸಮತಟ್ಟಾದ ಮೇಲ್ಮೈಯ ಮೇಲಿಟ್ಟು ಫೀಲರ್ ಗೇಜ್‌ನಿಂದ ತಿಳಿಯಬಹುದು. ಹಲ್ಲುಗಳಲ್ಲಿ ಗುಳಿ ಬೀಳದ ಗೇರುಗಳು, ಗೀರಿಲ್ಲದ ಡ್ರಮ್ಮುಗಳು ಇನ್ನೂ ಬಹುಕಾಲ ದುಡಿಯಬಲ್ಲವು. ಅವನ್ನು ಗುಜರಿಗೆ ಹಾಕುವುದು ಅಪವ್ಯಯ. ರಬ್ಬರ್ ಸೀಲು, ಉಂಗುರ, ಗ್ಯಾಸ್ಕೆಟ್ಟುಗಳನ್ನಾದರೋ ಪರೀಕ್ಷಿಸುವ ಗೋಜೇ ಬೇಡ, ಹೊಸವನ್ನೇ ಹಾಕಬೇಕು. ಬಿಚ್ಚಿ ಜೋಡಿಸುವ ಕೂಲಿಯೇ ದುಬಾರಿಯಾಗಿರುವಾಗ ಅಗ್ಗದ ಸೀಲಿನಲ್ಲಿ ಉಳಿತಾಯ ಮಾಡುವುದು ಎಂಥ ಅರ್ಥಶಾಸ್ತ್ರ? ಟಾರ್ಕ್ ಕನ್ವರ್ಟರಿನದು ಬೇರೆಯೇ ಕಥೆ. ಅದು ಬೆಸುಗೆ ಹಾಕಿ ಮುಚ್ಚಿದ ಭಾಗ. ಎಣ್ಣೆಯಲ್ಲಿ ಲೋಹದ ಪುಡಿ ಕಂಡಮೇಲೆ ಹೊರಗಿನಿಂದ ತೊಳೆದು ಮತ್ತೆ ಕೂರಿಸಿದರೆ, ಒಳಗುಳಿದ ಪುಡಿ ಹೊಸ ಭಾಗಗಳನ್ನೂ ಕೆಡಿಸೀತು.

(ಎಎಂಟಿ ಕಾರಿನವರಿಗೆ ಒಂದು ಮಾತು: ಭಾರತದಲ್ಲಿ 2014ರ ಸೆಲೆರಿಯೊದೊಂದಿಗೆ ಜನಪ್ರಿಯವಾದ ಈ ವ್ಯವಸ್ಥೆ ಮೂಲತಃ ಸಾಧಾರಣ ಗೇರ್‌ಬಾಕ್ಸೇ. ಅದರಲ್ಲಿ ಟಾರ್ಕ್ ಕನ್ವರ್ಟರ್ ಇರುವುದಿಲ್ಲ, ಬಿಲ್ಲಿನಲ್ಲಿಯೂ ಇರಕೂಡದು.)

ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದಾಗ ಮಾರುಕಟ್ಟೆ ಹೇಗೆ ಕೆಡುತ್ತದೆಂಬುದನ್ನು ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದಲೇ ವಿವರಿಸಿದರು. 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಗೇರ್‌ಬಾಕ್ಸಿನ ವಿಷಯದಲ್ಲಿ ಈ ಅಂತರ ಇನ್ನೂ ದೊಡ್ಡದು. ಏಕೆಂದರೆ ಬಿಚ್ಚಿದಾಗ ಮಾಲೀಕ ಅಲ್ಲಿರುವುದಿಲ್ಲ, ಇದ್ದರೂ ಏನನ್ನು ನೋಡಬೇಕೆಂದು ಅರಿಯ. ಪ್ರಾಮಾಣಿಕವಾಗಿ ಅಳೆದು ನೋಡುವ ಮೆಕ್ಯಾನಿಕ್ಕಿಗೂ ಇದರಿಂದ ನಷ್ಟವೇ. ಅವನ ಶ್ರಮಕ್ಕೆ ಬೆಲೆ ಕಟ್ಟುವವರಿಲ್ಲ.

ಹಳೆಯ ಅಥವಾ ನವೀಕರಿಸಿದ ಸರಕನ್ನು ಹೊಸದೆಂದು ಮಾರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ. ಬಿಲ್ಲು ಕೊಡದಿರುವುದೂ ಅದರಲ್ಲಿ ಸೇರಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಚೌಕಟ್ಟಿಗಾಗಿ ಸಮಿತಿಯೊಂದನ್ನು ರಚಿಸಿತು. ಆ ಚೌಕಟ್ಟಿನಲ್ಲಿ ಒಂದು ಅಂಶ ಸೇರಬೇಕು: ಬಿಚ್ಚಿದ ಗೇರ್‌ಬಾಕ್ಸಿನ ಪ್ರತಿ ಮುಖ್ಯ ಭಾಗಕ್ಕೂ ತಯಾರಕರ ಮಿತಿ, ಕಂಡ ಅಳತೆ, ಉಳಿಸಿದ ಅಥವಾ ತೆಗೆದ ಕಾರಣ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಡುವುದು ಕಡ್ಡಾಯವಾಗಲಿ. ಮೈಕ್ರೊಮೀಟರ್ ಇರುವ ವರ್ಕ್‌ಷಾಪಿಗೆ ಇದು ಹೊರೆಯಲ್ಲ. ಇಲ್ಲದವರು ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಕೈಹಾಕುವುದೇ ಸಲ್ಲದು.

ಅಲ್ಲಿಯವರೆಗೆ ಕೆಲಸ ಒಪ್ಪಿಸುವ ಮುನ್ನವೇ ಆ ಹಾಳೆಯನ್ನು ಕೇಳಿ. ತೆಗೆದ ತಟ್ಟೆಗಳನ್ನು ಚೀಲದಲ್ಲಿ ಹಾಕಿಕೊಡಿರೆನ್ನಲು ಸಂಕೋಚ ಬೇಡ. ವಿನಿಮಯಕ್ಕೆ ಕೊಟ್ಟ ಭಾಗ ಮರಳಿ ಬಾರದು. ಅದಕ್ಕೆ ಹಿಡಿದ ಬೆಲೆಯನ್ನು ಬಿಲ್ಲಿನಲ್ಲಿ ಕಾಣಿಸಿ ಕಳೆಯಬೇಕು.