ಕೊಳೆನೀರೂ ಕಾಯಕಧರ್ಮವೂ

ಕೆರೆ ತುಂಬಿ ಕೋಡಿ ಬಿದ್ದಿತೆಂದರೆ ಊರಿಗೆ ಊರೇ ಹಬ್ಬ ಮಾಡಿ, ಗಂಗೆಗೆ ಬಾಗಿನ ಅರ್ಪಿಸುವುದು ನಮ್ಮ ನಾಡಿನ ಸಂಪ್ರದಾಯ. ‘ಕೋಡಿ’ ಎಂಬ ಪದವು ಸಮೃದ್ಧಿಗೆ ಪರ್ಯಾಯವಾಗಿದ್ದ ಕಾಲವದು. ಆನೇಕಲ್ ತಾಲ್ಲೂಕಿನ ಕೈಗಾರಿಕಾ ಪ್ರದೇಶದಲ್ಲಿ ಸಂಚರಿಸುವವರು ಇಂದು ಆ ಪದದ ಅರ್ಥವನ್ನು ಪುನಃ ವಿಚಾರಿಸಬೇಕಾಗಿದೆ. ಮಳೆಯಿಲ್ಲದ ಬೇಸಿಗೆಯಲ್ಲಿಯೂ ಕೆರೆ ತುಂಬಿರುವುದಾದರೆ, ಅದನ್ನು ತುಂಬಿಸಿದವನು ವರುಣನಲ್ಲ. ನಮ್ಮ ಬಚ್ಚಲುಮನೆಗಳೇ ತುಂಬಿಸಿರಬೇಕು.

ಹೊಸೂರು ರಸ್ತೆಯ ಚಂದಾಪುರದ ಕೆರೆ ಇದಕ್ಕೆ ನಿದರ್ಶನ. ಮನೆಗಳ ಕೊಳೆನೀರೂ ಕಾರ್ಖಾನೆಗಳ ತ್ಯಾಜ್ಯವೂ ಕೂಡಿ ಆ ಕೆರೆಯನ್ನು ಕೆಡಿಸಿದವು. 2022ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಈ ಒಂದು ಕೆರೆಯ ದೆಸೆಯಿಂದ ರಾಜ್ಯ ಸರ್ಕಾರಕ್ಕೆ 500 ಕೋಟಿ ರೂಪಾಯಿಗಳ ಪರಿಹಾರವನ್ನು ವಿಧಿಸಿತು. ಜಲಮಾಲಿನ್ಯವನ್ನು ತಡೆಯುವ ಕಾಯಿದೆಯಾದರೋ 1974ರಲ್ಲಿಯೇ ಬಂದಿತ್ತು. ಆದುದರಿಂದ ಕೊರತೆಯಿದ್ದುದು ಶಾಸನದಲ್ಲಲ್ಲ, ನಮ್ಮ ಶ್ರದ್ಧೆಯಲ್ಲಿ ಎಂದೇ ಹೇಳಬೇಕಾಗುತ್ತದೆ.

ಕೊಳೆನೀರನ್ನು ತಿಳಿಗೊಳಿಸುವ ವಿದ್ಯೆ ಅಸಾಧ್ಯವಾದುದೇನಲ್ಲ. ಮೊದಲು ಕಸಕಡ್ಡಿಗಳನ್ನು ಸೋಸಿ ಮಡ್ಡಿಯನ್ನು ತಳಕ್ಕಿಳಿಸುವುದು. ಬಳಿಕ ಗಾಳಿಯೂಡಿ, ಕಣ್ಣಿಗೆ ಕಾಣದ ಜೀವಾಣುಗಳಿಂದ ಕೊಳೆಯನ್ನು ತಿನ್ನಿಸುವುದು. ಕಡೆಗೆ ಮತ್ತೊಮ್ಮೆ ತಿಳಿಯಾಗಲು ಬಿಟ್ಟು ರೋಗಾಣುಗಳನ್ನು ನಾಶಪಡಿಸುವುದು. ಕಾರ್ಖಾನೆಯ ವಿಷವು ಇದರಲ್ಲಿ ಬೆರೆತರೆ ಮಾತ್ರ ಆ ಉಪಕಾರಿ ಜೀವಾಣುಗಳೇ ಸಾಯುತ್ತವೆ. ಎರಡು ನೀರುಗಳನ್ನೂ ಬೇರೆಬೇರೆಯಾಗಿ ಸಂಸ್ಕರಿಸಬೇಕೆನ್ನುವುದು ಇದಕ್ಕಾಗಿಯೇ.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರ ಜೂನ್ ತಿಂಗಳಿನಲ್ಲಿ ಕೋಲಾರ ಜಿಲ್ಲೆಯ ಒಣಗಿದ ಕೆರೆಗಳಿಗೆ ಹರಿಯತೊಡಗಿತು. ಮರುತಿಂಗಳೇ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆಯೆದ್ದು ಜನರು ಭಯಗೊಂಡರು. ಹರಿವೂ ಕೆಲಕಾಲ ನಿಂತಿತು. ಮೂರನೆಯ ಹಂತದ ಶುದ್ಧಿಯೂ ಆಗಲೆಂದು ಅಲ್ಲಿನವರು ಕೇಳುತ್ತ ಬಂದಿರುವುದು ನ್ಯಾಯವೇ ಸರಿ. ನಗರವು ಬಿಸುಟ ನೀರು ಬರಡು ನೆಲಕ್ಕೆ ಆಸರೆಯಾಗಬಲ್ಲುದು. ಆದರೆ ಅರೆಮನಸ್ಸಿನ ಸಂಸ್ಕಾರವು ಜನರ ವಿಶ್ವಾಸವನ್ನು ಗಳಿಸಲಾರದು.

ಇದೆಲ್ಲ ಸರ್ಕಾರದ ಕೆಲಸವಲ್ಲವೆ ಎಂದು ಕೇಳಬಹುದು. ದೊಡ್ಡ ಕೊಳವೆಯೂ ದೊಡ್ಡ ಘಟಕವೂ ಸರ್ಕಾರದ ಹೊಣೆ, ನಿಜ. ಆದರೆ ಕೊಳೆಯ ಉಗಮಸ್ಥಾನ ನಮ್ಮ ಮನೆ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರು ನೀರೆಂದೂ, ಅದರಲ್ಲಿ ನೂರಕ್ಕೆ 80ರಷ್ಟು ಕೊಳೆನೀರಾಗುವುದೆಂದೂ ತಜ್ಞರು ಎಣಿಸುತ್ತಾರೆ. ಆ ಲೆಕ್ಕದಂತೆ ಇನ್ನೂರು ಮಕ್ಕಳ ಒಂದು ಪ್ರಸಾದನಿಲಯದಿಂದ ದಿನವೊಂದಕ್ಕೆ 21,600 ಲೀಟರು ಹೊರಬೀಳುತ್ತದೆ. ಅನ್ನದಾಸೋಹದ ಲೆಕ್ಕವನ್ನು ನಿಷ್ಠೆಯಿಂದ ಬರೆದಿಡುವ ನಾವು ಈ ನೀರಿನ ಲೆಕ್ಕವನ್ನೇಕೆ ಬರೆಯಬಾರದು?

ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ತೋಡಿಸಿದರು. ಶರಣೆ ಸತ್ಯಕ್ಕ ಅಂಗಳದ ಕಸ ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡಳು. ಶರಣಪಂಥದಲ್ಲಿ ಇವೆರಡಕ್ಕೂ ಸಮಾನವಾದ ಗೌರವವುಂಟು. ನಾವಾದರೋ ಕೆರೆ ಕಟ್ಟಿಸಿದವರನ್ನು ಕೊಂಡಾಡಿ, ಕೊಳೆ ತೆಗೆಯುವವರನ್ನು ದೂರವಿಟ್ಟೆವು. ದಾನಿಗಳ ಹೆಸರು ಸಭಾಭವನದ ಗೋಡೆಯ ಮೇಲೆ ಶೋಭಿಸುತ್ತದೆ. ಶೌಚದ ನೀರನ್ನು ಶುದ್ಧಗೊಳಿಸುವ ತೊಟ್ಟಿಗೆ ತನ್ನ ಹೆಸರಿಡಲು ಯಾರೂ ಮುಂದೆ ಬರುವುದಿಲ್ಲ. ಅಲ್ಲಿಯೂ ಒಂದು ಶಿಲಾಫಲಕ ನಿಲ್ಲುವ ದಿನ ನಮ್ಮ ಕಾಯಕತತ್ತ್ವವು ಮಾತನ್ನು ದಾಟಿ ಆಚರಣೆಗೆ ಬಂದಂತೆ.

ಆದುದರಿಂದ ದಾನಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಮುಂದಿನ ಕಟ್ಟಡಕ್ಕೆ ಹಣವನ್ನು ವಾಗ್ದಾನ ಮಾಡುವ ಮುನ್ನ, ಈಗಿರುವ ಕಟ್ಟಡಗಳ ನೀರು ಎಲ್ಲಿಗೆ ಹೋಗುತ್ತದೆಂದು ವಿಚಾರಿಸಿರಿ. ಕೈಗಾರಿಕೆಗಳಲ್ಲಿ ಅಧಿಕಾರದ ಸ್ಥಾನದಲ್ಲಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಕಾರ್ಖಾನೆಯ ನೀರನ್ನು ಕುರಿತು ಅದೇ ಪ್ರಶ್ನೆಯನ್ನು ಕೇಳಲಿ. ಅಧ್ಯಾಪಕ ಬಂಧುಗಳು ಮಕ್ಕಳನ್ನು ಒಮ್ಮೆ ಕೆರೆಯ ಏರಿಯ ಮೇಲೆ ನಿಲ್ಲಿಸಿ, ಹರಿದುಬರುವ ಕಾಲುವೆಯನ್ನು ತೋರಿಸಲಿ. ಮುಂದೊಂದು ದಿನ ಚಂದಾಪುರದ ಕೆರೆ ಕೋಡಿ ಬಿದ್ದಾಗ, ಆ ಮಕ್ಕಳು ಮೂಗು ಮುಚ್ಚಿಕೊಳ್ಳದೆ ಬಾಗಿನ ಅರ್ಪಿಸುವಂತಾಗಲಿ.